ಮಲಪ್ರಭೆಯ ದಂಡೆಯ ಹೆಸರುಗಳು



ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ವರ್ಣನೆಯನ್ನು ನೀವೆಲ್ಲರೂ ಶಾಲೆಯ ಪುಸ್ತಕಗಳಲ್ಲಿ ಓದಿದ್ದೀರಿ. ಬಹುಮಂದಿ ಕಣ್ಣಾರೆ ಕಂಡೂ ಇದ್ದೀರಿ. ಬನದ ಹುಣ್ಣಿಮೆಯ ಜಾತ್ರೆಗೆ ಬಂದವರು ಬನಶಂಕರಿಯ ದರ್ಶನ ಮುಗಿಸಿ, ಬಾದಾಮಿಯ ಗುಹೆಗಳನ್ನು ಹತ್ತಿ ಇಳಿದು, ಪಟ್ಟದಕಲ್ಲಿನ ನಂದಿಗೆ ಕೈಮುಗಿದು, ಸಂಜೆಯ ಬಸ್ಸಿಗೆ ಊರು ಸೇರುವುದು ನಮ್ಮ ಸೀಮೆಯ ವಾಡಿಕೆ. ನಾವೂ ಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಿಂದ ಈ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇವೆ. ಆದರೆ ಕಳೆದ ಮಾಘಮಾಸದಲ್ಲಿ ಹೋದದ್ದು ದರ್ಶನಕ್ಕಾಗಿ ಅಲ್ಲ. ಒಂದು ಊರಿನ ವ್ಯಾಜ್ಯವು ನಮ್ಮನ್ನು ಅಲ್ಲಿಗೆ ಕರೆದೊಯ್ದಿತು. ಆ ಒಂದು ದಿನದಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಇಲ್ಲಿ ನಿವೇದಿಸುತ್ತೇವೆ.

ಹೊರಟ ಕಾರಣ

ಬೆಳವಲ ಸೀಮೆಯ ಒಂದು ಗ್ರಾಮದಲ್ಲಿ ಹಳೆಯ ಕಲ್ಲೇಶ್ವರ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಗ್ರಾಮದ ಹೆಸರು ಇಲ್ಲಿ ಬೇಡ. ಗೋಡೆಗಳು ಎದ್ದಿದ್ದವು, ಕಳಸ ಸಿದ್ಧವಾಗಿತ್ತು. ಬಾಗಿಲ ಪಕ್ಕದಲ್ಲಿ ಕೂರಿಸುವ ಶಿಲಾಫಲಕಕ್ಕೆ ಒಕ್ಕಣೆ ಬರೆದುಕೊಡಬೇಕೆಂದು ಊರ ಹಿರಿಯರು ನಮ್ಮಲ್ಲಿಗೆ ಬಂದರು. ಬಂದ ಮೇಲೆ ನಿಜವಾದ ತೊಡಕು ಹೊರಬಿದ್ದಿತು. ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಒಬ್ಬ ಗೃಹಸ್ಥರೇ ಕೊಟ್ಟಿದ್ದರು. ಅವರ ತಂದೆಯವರು ಲಿಂಗೈಕ್ಯರಾಗಿ ಎರಡು ವರ್ಷಗಳಾಗಿದ್ದವು. ತಂದೆಯ ಹೆಸರಿನ ಕೊನೆಗೆ ‘ಈಶ್ವರ’ ಎಂಬ ಪದವನ್ನು ಕೂಡಿಸಿ, ಇನ್ನು ಮುಂದೆ ದೇವರನ್ನು ಆ ಹೆಸರಿನಿಂದಲೇ ಕರೆಯಬೇಕೆಂಬುದು ಅವರ ಅಪೇಕ್ಷೆ. ಚೀಲಗಟ್ಟಲೆ ಜೋಳ ಕೊಟ್ಟವರು, ಬಂಡಿ ಹೂಡಿ ಕಲ್ಲು ಸಾಗಿಸಿದವರು, ಕೂಲಿ ಪಡೆಯದೆ ದುಡಿದವರು ಇದಕ್ಕೆ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಕಳಸಾರೋಹಣದ ದಿನವನ್ನೇ ಮುಂದೂಡುವ ಪರಿಸ್ಥಿತಿ ಬಂದೊದಗಿತ್ತು.

ಆ ಗೃಹಸ್ಥರ ಬಯಕೆಯನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವಂತಿರಲಿಲ್ಲ. ಅವರ ತಂದೆಯವರು ಒಂದು ಬರಗಾಲದಲ್ಲಿ ತಮ್ಮ ಹೊಲದ ಬಾವಿಯನ್ನು ಆಳಕ್ಕೆ ತೋಡಿಸಿ, ತಮ್ಮ ಬೆಳೆ ಒಣಗಿದರೂ ಚಿಂತೆಯಿಲ್ಲವೆಂದು ಇಡೀ ಊರಿಗೆ ನೀರು ಬಿಟ್ಟುಕೊಟ್ಟವರು. ಅಂಥವರ ಹೆಸರು ಅಳಿಯಬಾರದೆಂದು ಮಗನು ಬಯಸಿದರೆ ತಪ್ಪೆಂದು ಹೇಳುವುದು ಹೇಗೆ? ಒಪ್ಪದವರ ಮಾತಿನಲ್ಲಿಯೂ ನ್ಯಾಯವಿತ್ತು. ತಲೆತಲಾಂತರದಿಂದ ಕಲ್ಲೇಶ್ವರನೆಂದು ಕೂಗಿ ಕರೆದ ದೇವರನ್ನು ಒಮ್ಮೆಲೇ ಬೇರೆ ಹೆಸರಿನಿಂದ ಕರೆಯಿರೆಂದರೆ ನಾಲಗೆ ಹೊರಳಬೇಕಲ್ಲ!

ನಾವು ಕೂಡಲೇ ಉತ್ತರ ಕೊಡಲಿಲ್ಲ. ದೇವರ ಹೆಸರಿನೊಡನೆ ತನ್ನ ಹೆಸರನ್ನು ಹೆಣೆಯುವ ಆಸೆ ಇಂದು ನಿನ್ನೆಯದಲ್ಲ. ಸಾಮ್ರಾಜ್ಯಗಳನ್ನು ಕಟ್ಟಿದವರೇ ಅದನ್ನು ಮಾಡಿ ನೋಡಿದ್ದಾರೆ. ಅದರಿಂದ ಏನಾಯಿತೆಂಬುದನ್ನು ಮಲಪ್ರಭೆಯ ದಂಡೆಯಲ್ಲಿ ಇಂದಿಗೂ ಕಲ್ಲಿನ ಮೇಲೆ ಓದಬಹುದು. “ಒಂದು ದಿನ ನಮ್ಮೊಡನೆ ಬನ್ನಿ, ನೋಡಿ ಬಂದು ಬರೆಯೋಣ” ಎಂದೆವು. ಆ ಗೃಹಸ್ಥರು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳು, ಎದುರು ಪಕ್ಷದ ಇಬ್ಬರು ಹಿರಿಯರು, ನಾವು, ಹೀಗೆ ಐವರು ಒಂದೇ ಗಾಡಿಯಲ್ಲಿ ನಸುಕಿನಲ್ಲಿ ಹೊರಟೆವು. ನಮ್ಮ ಜೋಳಿಗೆಯಲ್ಲಿ ಒಕ್ಕಣೆಯ ಕರಡು ಇತ್ತು. ದೇವರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೆವು. ಕೊನೆಯ ಸಾಲಿನಲ್ಲಿ ‘ರಚನೆ’ ಎಂದು ಬರೆದು ನಮ್ಮ ಹೆಸರನ್ನು ಮಾತ್ರ ಮೊದಲೇ ತುಂಬಿಟ್ಟಿದ್ದೆವು!

ರಾಕ್ಷಸನ ಹೆಸರಿನ ರಾಜಧಾನಿ

ಬಾದಾಮಿಯನ್ನು ಸೇರಿದಾಗ ಸೂರ್ಯೋದಯವಾಗುತ್ತಿತ್ತು. ಎರಡು ಕಡೆ ಕೆಂಪು ಮರಳುಗಲ್ಲಿನ ಕಡಿದಾದ ಬೆಟ್ಟಗಳು, ನಡುವೆ ಅಗಸ್ತ್ಯತೀರ್ಥ, ಅದರ ಮೂಡಣ ದಂಡೆಯಲ್ಲಿ ಭೂತನಾಥನ ಗುಡಿ. ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳಿ ಬರುತ್ತಿತ್ತು. ಮೆಟ್ಟಿಲುಗಳ ಮೇಲೆ ಮಂಗಗಳು ಯಾತ್ರಿಕರ ಕೈಚೀಲಗಳಿಗಾಗಿ ಕಾದು ಕುಳಿತಿದ್ದವು.

ಈ ಊರಿನ ಪುರಾಣವನ್ನು ಬಲ್ಲವರು ಬಲ್ಲರು. ಇಲ್ವಲ, ವಾತಾಪಿ ಎಂಬ ರಾಕ್ಷಸ ಸಹೋದರರು ಅತಿಥಿಗಳನ್ನು ಊಟಕ್ಕೆ ಕರೆದು ಕೊಲ್ಲುತ್ತಿದ್ದರು. ವಾತಾಪಿ ಟಗರಾಗುವನು, ಇಲ್ವಲನು ಅದನ್ನು ಅಡುಗೆ ಮಾಡಿ ಬಡಿಸುವನು. ಊಟವಾದ ಮೇಲೆ ಅಣ್ಣನು ಕೂಗಿ ಕರೆದರೆ ತಮ್ಮನು ಅತಿಥಿಯ ಹೊಟ್ಟೆಯನ್ನು ಸೀಳಿಕೊಂಡು ಹೊರಬರುವನು. ಅಗಸ್ತ್ಯಮಹರ್ಷಿಗಳು ಬಂದರು, ಉಂಡರು, ಇಲ್ವಲನು ಕೂಗುವುದರೊಳಗೆ ಜೀರ್ಣಿಸಿಕೊಂಡರು. ಕೆರೆಯ ಇಕ್ಕೆಲದ ಬೆಟ್ಟಗಳೇ ಆ ಸಹೋದರರೆಂದು ಸ್ಥಳೀಯರು ಹೇಳುತ್ತಾರೆ. ಗೆದ್ದ ಋಷಿಯ ಹೆಸರು ನೀರಿಗೆ ಉಳಿಯಿತು, ಸೋತ ರಾಕ್ಷಸನ ಹೆಸರು ಊರಿಗೆ ಉಳಿಯಿತು. ಮುಂದೆ ದಕ್ಷಿಣಾಪಥವನ್ನಾಳಿದ ಅರಸರು ಆ ಹೆಸರನ್ನು ಬದಲಿಸಲು ಹೋಗದೆ ವಾತಾಪಿಯ ಚಾಲುಕ್ಯರೆಂದೇ ಖ್ಯಾತರಾದರು.

ಶಕ ೪೬೫, ಅಂದರೆ ಕ್ರಿ.ಶ. ೫೪೩ರಲ್ಲಿ ಮೊದಲನೆಯ ಪುಲಕೇಶಿಯು ಇಲ್ಲಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಅದನ್ನು ಹೇಳುವ ಬಂಡೆಗಲ್ಲಿನ ಶಾಸನವು ಅರಸನನ್ನು ವಲ್ಲಭೇಶ್ವರನೆಂದು ಕರೆಯುತ್ತದೆ. ಅವನ ಮೊಮ್ಮಗ ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷವರ್ಧನನನ್ನು ನರ್ಮದೆಯ ತೀರದಲ್ಲಿ ತಡೆದು ‘ಪರಮೇಶ್ವರ’ ಎಂಬ ಬಿರುದನ್ನು ಧರಿಸಿದನು. ಅರಸನು ದೇವರ ಹೆಸರನ್ನು ತೊಡುವುದು ಒಂದು ಬಗೆಯಾದರೆ, ತನ್ನ ಹೆಸರನ್ನು ದೇವರಿಗೆ ತೊಡಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಮಧ್ಯಾಹ್ನ ಕಾಣಲಿದ್ದೆವು.

ಮೆಟ್ಟಿಲು ಹತ್ತಿ ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನಿಗೆ ವಂದಿಸಿ, ಮೂರನೆಯ ಗುಹೆಗೆ ಹೋದೆವು. ನಾಲ್ಕರಲ್ಲಿ ಇದೇ ದೊಡ್ಡದು. ಆದಿಶೇಷನ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನೆತ್ತಿದ ವರಾಹ, ಕಾಲು ಚಾಚಿದ ತ್ರಿವಿಕ್ರಮ, ಅರ್ಧಹರ ಅರ್ಧಹರಿಯಾದ ಹರಿಹರ, ಒಂದೊಂದೂ ಆಳೆತ್ತರವನ್ನು ಮೀರಿದ ಮೂರ್ತಿಗಳು. ಶಕ ೫೦೦, ಅಂದರೆ ಕ್ರಿ.ಶ. ೫೭೮ರಲ್ಲಿ ಇದನ್ನು ಕೊರೆಸಿದವನು ಮಂಗಳೇಶ. ಆಗ ಅವನ ಅಣ್ಣ ಕೀರ್ತಿವರ್ಮನು ಪಟ್ಟದಲ್ಲಿದ್ದನು. ಇಷ್ಟು ದೊಡ್ಡ ಕಾರ್ಯದ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂಬ ಭಾವದ ಒಕ್ಕಣೆಯನ್ನು ಅವನು ಕಂಬದ ಮೇಲೆ ಕೆತ್ತಿಸಿದ್ದಾನೆ. ಓದಿದರೆ ಕಣ್ಣು ಒದ್ದೆಯಾಗುವ ಮಾತು. ಆದರೆ ಅಣ್ಣನು ತೀರಿಕೊಂಡ ಮೇಲೆ ರಾಜ್ಯವನ್ನಾಳಿದ ಇದೇ ಮಂಗಳೇಶನು, ಪಟ್ಟವನ್ನು ಅಣ್ಣನ ಮಗನಿಗೆ ಬಿಡದೆ ತನ್ನ ಮಗನಿಗೆ ಕೊಡಿಸಲು ಹೊರಟನು. ಅಣ್ಣನ ಮಗ ಪುಲಕೇಶಿಯೊಡನೆ ಯುದ್ಧವಾಗಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು.

ಇಷ್ಟನ್ನು ಹೇಳಿ ಮುಗಿಸಿದಾಗ ಹಿರಿಯರಲ್ಲೊಬ್ಬರು ನಿಟ್ಟುಸಿರುಬಿಟ್ಟು, “ನಮ್ಮೂರಾಗ ಹೊಲದ ವಾಟ್ನಿನೂ ಹಿಂಗ ಆಗತಾವ್ರಿ” ಎಂದರು. ಗೃಹಸ್ಥರು ಏನೂ ಹೇಳದೆ ಶಾಸನದ ಅಕ್ಷರಗಳನ್ನೇ ನೋಡುತ್ತ ನಿಂತಿದ್ದರು.

ಅರಸನಲ್ಲದವನ ಶಾಸನ

ಗುಹೆಗಳಿಂದ ಇಳಿದು ಕೆರೆಯನ್ನು ಸುತ್ತಿ ಆಚೆಯ ದಂಡೆಗೆ ನಡೆದೆವು. ಉತ್ತರದ ಬೆಟ್ಟದ ಮಗ್ಗುಲಿನ ಬಂಡೆಯ ಮೇಲೆ ಒಂದು ಪಲ್ಲವ ಶಾಸನದ ಅವಶೇಷವಿದೆ. ಕ್ರಿ.ಶ. ೬೪೨ರಲ್ಲಿ ಕಂಚಿಯ ನರಸಿಂಹವರ್ಮನು ಬಾದಾಮಿಯನ್ನು ಗೆದ್ದದ್ದರ ಗುರುತು ಅದು. ಪರಮೇಶ್ವರನೆಂಬ ಬಿರುದಾಂಕಿತ ಪುಲಕೇಶಿಯು ಆ ಯುದ್ಧದಲ್ಲಿಯೇ ಮಡಿದನೆಂದು ವಿದ್ವಾಂಸರು ಊಹಿಸುತ್ತಾರೆ. ಗೆದ್ದವನು ವಾತಾಪಿಕೊಂಡನೆಂಬ ಬಿರುದನ್ನು ಪಡೆದು ಹೋದನು. ಹದಿಮೂರು ವರ್ಷಗಳ ಮೇಲೆ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ಪಟ್ಟವೇರಿ ಕುಲದ ರಾಜ್ಯವನ್ನು ಮತ್ತೆ ನೆಲೆಗೊಳಿಸಿದನು.

ಕೆರೆಯ ಈಶಾನ್ಯದ ಬಂಡೆಯಲ್ಲಿ ನಾವು ಮುಖ್ಯವಾಗಿ ತೋರಿಸಬೇಕೆಂದಿದ್ದ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. ೭೦೦ರ ಕಾಲದ ಹತ್ತು ಸಾಲುಗಳ ಬರಹ. ಕನ್ನಡದಲ್ಲಿ ದೊರೆತ ತ್ರಿಪದಿಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಸಜ್ಜನರೊಡನೆ ಸೌಜನ್ಯದಿಂದ ಇದ್ದವನು, ಕೇಡಿಗೆ ಎದುರಾದಾಗ ಎದೆಗುಂದದವನು, ಮಾನ ಹೋಗುವುದಕ್ಕಿಂತ ಮರಣವೇ ಲೇಸೆಂದು ಬಗೆದವನು ಎಂದು ಒಬ್ಬ ವೀರನ ಸ್ವಭಾವವನ್ನು ಅದು ಬಣ್ಣಿಸುತ್ತದೆ. ಅವನು ಆಳಿದ ರಾಜ್ಯದ ಮಾತಿಲ್ಲ, ಕಟ್ಟಿಸಿದ ಗುಡಿಯ ಮಾತಿಲ್ಲ, ಬಿಟ್ಟ ದತ್ತಿಯ ಮಾತೂ ಇಲ್ಲ.

ಮಗುವಿಗೆ ತಿಳಿಯಲೆಂದು ಆ ತ್ರಿಪದಿಯ ನಡೆಯನ್ನು ಕೈತಟ್ಟಿ ತೋರಿಸಿದೆವು. ಎರಡನೆಯ ಹಿರಿಯರು ಕೂಡಲೇ, “ಇದು ನಮ್ಮವ್ವ ಬೀಸುವಾಗ ಹಾಡತಿದ್ದ ಧಾಟಿ ಅಲ್ರಿ?” ಎಂದರು. ಹೌದು, ಅದೇ. ಬಂಡೆಯ ಮೇಲೆ ವೀರನನ್ನು ಹೊಗಳಿದ ಛಂದಸ್ಸಿನಲ್ಲಿಯೇ ಸರ್ವಜ್ಞನು ಲೋಕನೀತಿಯನ್ನು ನುಡಿದನು, ಅದರಲ್ಲಿಯೇ ನಮ್ಮ ತಾಯಂದಿರು ಕಲ್ಲಿನ ಮುಂದೆ ಕುಳಿತು ತವರನ್ನು ಹರಸಿದರು.

ಪಟ್ಟದ ಕಿಸುವೊಳಲು

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು ೨೨ ಕಿಲೋಮೀಟರು. ದಾರಿಯುದ್ದಕ್ಕೂ ಜೋಳದ ಹೊಲಗಳು, ಅಲ್ಲಲ್ಲಿ ಕುಸುಬೆಯ ಹಳದಿ. ಮಲಪ್ರಭೆಯು ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಈ ನೆಲಕ್ಕೆ ವಿಶೇಷ ಪಾವಿತ್ರ್ಯವೆಂದು ಹಿಂದಿನವರು ನಂಬಿದ್ದರು. ಕಿಸುವೊಳಲೆಂದರೆ ಕೆಂಪು ಊರು. ಚಾಲುಕ್ಯ ಅರಸರಿಗೆ ಪಟ್ಟಾಭಿಷೇಕವಾಗುತ್ತಿದ್ದ ಸ್ಥಳವಾದುದರಿಂದ ಪಟ್ಟದ ಕಿಸುವೊಳಲೆಂದು ಹೆಸರಾಯಿತು. ೧೯೮೭ರಲ್ಲಿ ಇಲ್ಲಿಯ ದೇವಾಲಯಗಳ ಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಡಿಗೆಯ ಕೆನೆಮೊಸರು. ಬೆಳಗಿನಿಂದ ಒಬ್ಬರಿಗೊಬ್ಬರು ನೇರವಾಗಿ ಮಾತನಾಡದಿದ್ದ ಎರಡೂ ಪಕ್ಷದವರು ಮೊಸರಿನ ಗಡಿಗೆಯನ್ನು ಕೈಯಿಂದ ಕೈಗೆ ದಾಟಿಸುವಷ್ಟು ಹತ್ತಿರವಾದರು.

ಊಟವಾದ ಮೇಲೆ ಗುಡಿಗಳನ್ನು ಸುತ್ತಿದೆವು. ಉತ್ತರದ ರೇಖಾನಾಗರ ಶಿಖರಗಳೂ ದಕ್ಷಿಣದ ದ್ರಾವಿಡ ವಿಮಾನಗಳೂ ಒಂದೇ ಅಂಗಳದಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿರುವುದನ್ನು ಬೇರೆಡೆ ಕಾಣುವುದು ದುರ್ಲಭ. ವಿರೂಪಾಕ್ಷ ಗುಡಿಯೇ ಎಲ್ಲಕ್ಕೂ ದೊಡ್ಡದು. ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಎದುರಿನ ಮಂಟಪದಲ್ಲಿ ಕರಿಕಲ್ಲಿನ ಭವ್ಯವಾದ ನಂದಿ.

ಹುಡುಗಿಯು ಹೊರಗೆ ಪುರಾತತ್ತ್ವ ಇಲಾಖೆಯವರು ನಿಲ್ಲಿಸಿದ ಫಲಕವನ್ನು ಓದಿ ಬಂದು ಕೇಳಿದಳು: “ಅಜ್ಜಾರ, ಹೊರಗ ಲೋಕೇಶ್ವರ ಅಂತ ಬರದಾರ್ರಿ. ಪೂಜಾರ್ರು ವಿರೂಪಾಕ್ಷ ಅಂದ್ರು. ಖರೇ ಹೆಸರು ಯಾವುದ್ರಿ?”

ನಾವು ಕಾಯುತ್ತಿದ್ದ ಪ್ರಶ್ನೆಯನ್ನು ಮಗು ತಾನಾಗಿ ಕೇಳಿತು. ಎಲ್ಲರನ್ನೂ ಅಲ್ಲಿಯೇ ಕೂರಿಸಿ ಹೇಳಿದೆವು.

ಇಲ್ಲಿ ಮೊದಲು ಕಟ್ಟಲು ಆರಂಭಿಸಿದ ದೊಡ್ಡ ಶಿವಾಲಯಗಳಲ್ಲಿ ಒಂದು, ಕ್ರಿ.ಶ. ೬೯೬ರಿಂದ ೭೩೩ರವರೆಗೆ ಆಳಿದ ವಿಜಯಾದಿತ್ಯನದು. ಅವನು ತನ್ನ ಹೆಸರಿನಿಂದಲೇ ದೇವರನ್ನು ವಿಜಯೇಶ್ವರನೆಂದು ಕರೆದನು. ಅವನ ಮಗ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಮೂರು ಸಲ ಗೆದ್ದನೆಂಬ ನೆನಪಿಗಾಗಿ ಅವನ ಹಿರಿಯ ರಾಣಿ ಲೋಕಮಹಾದೇವಿಯು ಈ ಗುಡಿಯನ್ನು ಕಟ್ಟಿಸಿ ಲೋಕೇಶ್ವರನೆಂದು ಹೆಸರಿಟ್ಟಳು. ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯು ಪಕ್ಕದಲ್ಲಿಯೇ ಇನ್ನೊಂದನ್ನು ಕಟ್ಟಿಸಿ ತ್ರೈಲೋಕ್ಯೇಶ್ವರನೆಂದಳು. ಕ್ರಿ.ಶ. ೭೫೪ರಲ್ಲಿ, ವಿಕ್ರಮಾದಿತ್ಯನ ಮಗ ಎರಡನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಜ್ಞಾನಶಿವಾಚಾರ್ಯರೆಂಬವರು ಇಲ್ಲಿ ನಿಲ್ಲಿಸಿದ ಕಂಬದ ಶಾಸನದಲ್ಲಿ ಈ ಮೂರು ಹೆಸರುಗಳೂ ಇವೆ. ಆ ಹೊತ್ತಿಗಾಗಲೇ ರಾಷ್ಟ್ರಕೂಟ ದಂತಿದುರ್ಗನ ಕೈ ಮೇಲಾಗಿತ್ತು. ಕೆಲವೇ ವರ್ಷಗಳಲ್ಲಿ ಚಾಲುಕ್ಯರ ಪಟ್ಟವೇ ಇಲ್ಲವಾಯಿತು.

ಈಗ ಆ ಹೆಸರುಗಳು ಎಲ್ಲಿ? ವಿಜಯೇಶ್ವರನು ಜನರ ಬಾಯಲ್ಲಿ ಸಂಗಮೇಶ್ವರನಾದನು. ಲೋಕೇಶ್ವರನು ವಿರೂಪಾಕ್ಷನಾದನು. ತ್ರೈಲೋಕ್ಯೇಶ್ವರನು ಮಲ್ಲಿಕಾರ್ಜುನನಾದನು. ಯಾವ ಶತ್ರುವೂ ಬಂದು ಹೆಸರನ್ನು ಒಡೆದು ಹಾಕಲಿಲ್ಲ. ಜನರು ತಮಗೆ ಒಗ್ಗಿದ ಹೆಸರಿನಿಂದ ದೇವರನ್ನು ಕರೆದರು, ಅಷ್ಟೆ. ಗುಡಿ ನಿಂತಿತು, ದೀಪ ಉರಿಯಿತು, ಅರಸನ ಹೆಸರು ಮೆಲ್ಲನೆ ಕಳಚಿ ಬಿದ್ದಿತು. ಅದನ್ನು ಎತ್ತಿಕೊಂಡವರು ಶಾಸನ ಓದುವ ನಮ್ಮಂಥವರು ಮಾತ್ರ.

“ಎರಡೂ ಖರೇ, ಮಗಳೆ. ಒಂದು ರಾಣಿ ಇಟ್ಟದ್ದು, ಇನ್ನೊಂದು ಜನ ಕರೆದದ್ದು” ಎಂದೆವು.

ಗೃಹಸ್ಥರು ಬಹಳ ಹೊತ್ತಿನ ಮೇಲೆ ಬಾಯಿ ತೆರೆದರು. “ಹಂಗಾದ್ರ ಕಟ್ಟಿಸಿದವರ ಹೆಸರು ಉಳಿಯೋದ ಇಲ್ಲೇನ್ರಿ, ಶಾಸ್ತ್ರಿಗಳ?”

ಆ ಧ್ವನಿಯಲ್ಲಿ ವಾದವಿರಲಿಲ್ಲ, ಸಂಕಟವಿತ್ತು. ನಾವು ಉತ್ತರಿಸದೆ ಅವರನ್ನು ಮೂಡಣ ಬಾಗಿಲಿಗೆ ಕರೆದೊಯ್ದೆವು. ಅಲ್ಲಿಯ ಹಳಗನ್ನಡ ಶಾಸನದಲ್ಲಿ ರಾಣಿಯ ಹೆಸರಿನೊಡನೆ, ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ. ಅನಿವಾರಿತಾಚಾರಿಯೆಂದು ಖ್ಯಾತನಾದ ಅವನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆಯಿತು. ಇದೇ ಗುಡಿಯಲ್ಲಿ ಸರ್ವಸಿದ್ಧಿ ಆಚಾರಿಯ ಪ್ರಶಂಸೆಯಿದೆ. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಉಳಿ ಹಿಡಿದ ಕೈಗಳ ಹೆಸರನ್ನೂ ಬರೆಸಬೇಕೆಂದು ಅಂದಿನವರಿಗೆ ತೋಚಿತ್ತು. ಇಂದು ಗುಡಿಯ ಶಿಲ್ಪವನ್ನು ನೋಡಿ ಬೆರಗಾದವರು ಮೊದಲು ಕೇಳುವುದು ಆ ಕೈಗಳ ಹೆಸರನ್ನೇ.

ಒಳಗಿನ ಕಂಬಗಳ ಮೇಲೆ ಪುರಾಣವೀರರ ಕಥೆಗಳಿವೆ. ಕೈಲಾಸವನ್ನೇ ಎತ್ತಲು ಹೊರಟ ರಾವಣ, ಸೀತೆಗಾಗಿ ಅವನೊಡನೆ ಕಾದಾಡುವ ಜಟಾಯು, ಬಾಣಗಳ ಹಾಸಿಗೆಯಲ್ಲಿ ಮಲಗಿದ ಭೀಷ್ಮ. ರಾವಣನು ಲಂಕೆಯ ಚಕ್ರವರ್ತಿ, ಜಟಾಯು ರೆಕ್ಕೆ ಮುರಿದುಕೊಂಡ ಮುದಿ ಹದ್ದು. ನಮ್ಮ ಮನೆಗಳಲ್ಲಿ ಮಗುವಿಗೆ ಕಥೆ ಹೇಳುವಾಗ ತಾಯಿಯ ಕೊರಳು ಯಾರಿಗಾಗಿ ಬಿಗಿಯುತ್ತದೆಂದು ನೆನೆಸಿಕೊಳ್ಳಿರಿ. ಅರಸುಕುಲದ ವಿಜಯದ ನೆನಪಿಗೆ ಕಟ್ಟಿದ ಗುಡಿಯಲ್ಲಿ, ಬಲದಿಂದ ಮದಿಸಿದ ಅರಸನೊಬ್ಬನು ಬೆಟ್ಟದ ಕೆಳಗೆ ಸಿಕ್ಕಿಕೊಂಡ ಚಿತ್ರವನ್ನು ಕೆತ್ತಲು ಆ ರಾಣಿಯು ಅಡ್ಡಿಪಡಿಸಲಿಲ್ಲ. ಅದು ಅವಳ ದೊಡ್ಡತನ.

ಗೆದ್ದ ವಿಕ್ರಮಾದಿತ್ಯನದೂ ಒಂದು ದೊಡ್ಡತನವಿದೆ. ಕಂಚಿಯಲ್ಲಿ ಪಲ್ಲವ ರಾಜಸಿಂಹನು ಕಟ್ಟಿಸಿದ ಶಿವಾಲಯವಿತ್ತು. ಅಲ್ಲಿಯ ದೇವರಿಗೂ ಅರಸನ ಹೆಸರೇ, ರಾಜಸಿಂಹೇಶ್ವರ. ಹಿಂದೊಮ್ಮೆ ಬಾದಾಮಿಯನ್ನು ಪಲ್ಲವರು ಮಣ್ಣುಗೂಡಿಸಿದ್ದರು. ಸೇಡು ತೀರಿಸಿಕೊಳ್ಳಬಹುದಾದ ಆ ಗಳಿಗೆಯಲ್ಲಿ ವಿಕ್ರಮಾದಿತ್ಯನು ಗುಡಿಯ ಸಂಪತ್ತನ್ನು ನೋಡಿ, ಮುಟ್ಟದೆ ದೇವರಿಗೇ ಮರಳಿ ಒಪ್ಪಿಸಿದನು. ಅದನ್ನು ಹೇಳುವ ಕನ್ನಡ ಶಾಸನವು ಆ ಗುಡಿಯ ಕಂಬದ ಮೇಲೆ ಇಂದಿಗೂ ಇದೆ. ರಾಜಸಿಂಹೇಶ್ವರನನ್ನು ಜನರು ಈಗ ಕೈಲಾಸನಾಥನೆನ್ನುತ್ತಾರೆ. ಕಟ್ಟಿಸಿದವನ ಹೆಸರು ದೇವರಿಂದ ಕಳಚಿತು. ಕೊಳ್ಳೆ ಹೊಡೆಯದವನ ನೆನಪು ಶತ್ರುವಿನ ಊರಿನಲ್ಲಿಯೇ ಕಲ್ಲಾಗಿ ನಿಂತಿತು.

ಐಹೊಳೆಯ ಬೆಟ್ಟದ ಮೇಲೆ

ಐಹೊಳೆ ಅಲ್ಲಿಂದ ಅರ್ಧ ಗಂಟೆಯ ಹಾದಿ. ಕ್ಷತ್ರಿಯರನ್ನು ಕೊಂದ ಪರಶುರಾಮನು ಇಲ್ಲಿ ಕೊಡಲಿಯನ್ನು ತೊಳೆದಾಗ ನೀರು ಕೆಂಪಾಯಿತೆಂದೂ, ನೋಡಿದವರು ‘ಅಯ್ಯೋ ಹೊಳೆ’ ಎಂದು ಕೂಗಿದರೆಂದೂ ಜನಪದ ಕಥೆ. ಶಾಸನಗಳಲ್ಲಿ ಊರಿನ ಹೆಸರು ಆರ್ಯಪುರ, ಅಯ್ಯವೊಳೆ. ಹೆಸರುಗಳ ವಿಚಾರದಲ್ಲಿ ಈ ಊರು ಪಟ್ಟದಕಲ್ಲಿಗಿಂತಲೂ ವಿಚಿತ್ರ. ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ! ಪೂಜೆ ನಿಂತುಹೋದ ಕಾಲದಲ್ಲಿ ಯಾರು ಒಳಗೆ ವಾಸವಾಗಿದ್ದರೋ, ಯಾರ ಮನೆ ಪಕ್ಕದಲ್ಲಿತ್ತೋ, ಅವರ ಹೆಸರೇ ಗುಡಿಗೆ ಅಂಟಿಕೊಂಡಿತು. ದುರ್ಗದ ಗುಡಿಯೆಂಬುದೂ ಕೋಟೆಯಿಂದ ಬಂದ ಹೆಸರು, ದುರ್ಗೆಯಿಂದಲ್ಲ. ಎದುರು ಪಕ್ಷದ ಹಿರಿಯರು ಇದನ್ನು ಕೇಳಿ ನಕ್ಕರು. ಗೃಹಸ್ಥರೂ ನಕ್ಕರು. ಆ ದಿನ ಇಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಕೊನೆಗೆ ಮೇಗುತಿ ಬೆಟ್ಟವನ್ನು ಹತ್ತಿದೆವು. ಅಲ್ಲಿಯ ಜಿನಾಲಯದ ಗೋಡೆಯಲ್ಲಿ ಶಕ ೫೫೬, ಅಂದರೆ ಕ್ರಿ.ಶ. ೬೩೪-೩೫ರ ಸಂಸ್ಕೃತ ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯ ರಚನೆ ಅದು. ಮಂಗಳೇಶನ ಅಂತ್ಯವೂ ಹರ್ಷನ ಸೋಲೂ ನಮಗೆ ತಿಳಿದಿರುವುದು ಈ ಶಾಸನದಿಂದ. ಕಾವ್ಯದ ಕೊನೆಯಲ್ಲಿ ಕವಿಯು ತನ್ನ ಹೆಸರನ್ನು ಬರೆದು, ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಯರಿಗೆ ಸಮಾನನೆಂದು ಹೇಳಿಕೊಂಡಿದ್ದಾನೆ. ನಾವು ವಿದ್ಯಾರ್ಥಿಯಾಗಿದ್ದಾಗ ಗುರುಗಳು ಇದನ್ನು ಪಾಠ ಹೇಳುತ್ತ ಮುಗುಳ್ನಕ್ಕಿದ್ದರು. ಆ ಮಾತಿನಿಂದ ಲೋಕಕ್ಕೆ ಉಪಕಾರವಾಗಿದೆಯೆಂಬುದೂ ನಿಜ. ಕಾಳಿದಾಸನು ಕ್ರಿ.ಶ. ೬೩೪ಕ್ಕಿಂತ ಹಿಂದಿನವನೆಂದು ನಿಶ್ಚಯವಾಗಿ ಹೇಳಲು ಈ ಕಲ್ಲೇ ಆಧಾರ. ಆದರೂ ಆ ಸಾಲಿನ ಮುಂದೆ ನಿಂತಾಗ ನಮ್ಮ ಜೋಳಿಗೆಯಲ್ಲಿದ್ದ ಕರಡು ಭಾರವ��ಯಿತೆಂಬುದನ್ನು ಮರೆಮಾಚುವುದಿಲ್ಲ.

ಬೆಟ್ಟದ ಮೇಲಿನಿಂದ ನೋಡಿದರೆ ಕೆಳಗೆ ಊರು, ಗುಡಿಗಳ ಗುಂಪು, ಆಚೆ ಹೊಳೆಯ ಬಯಲು. ಇದೇ ಮಲಪ್ರಭೆಯು ಮುಂದೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಚಾಲುಕ್ಯ ಅರಸರು ತಮ್ಮ ಹೆಸರನ್ನು ದೇವರಿಗೆ ಇಟ್ಟು ನಾಲ್ಕು ಶತಮಾನಗಳಾದ ಮೇಲೆ, ೧೨ನೆಯ ಶತಮಾನದಲ್ಲಿ ಇದೇ ನದಿಯ ತುದಿಯಿಂದ ಬೇರೊಂದು ರೂಢಿ ಬೆಳಗಿತು. ಶರಣರು ವಚನಗಳ ಕೊನೆಗೆ ತಮ್ಮ ಹೆಸರನ್ನು ಬರೆಯಲಿಲ್ಲ, ದೇವರ ಹೆಸರನ್ನೇ ಅಂಕಿತವಾಗಿಟ್ಟರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ನಮ್ಮ ಮನೆಗಳಲ್ಲಿ ಇಂದು ಯಾರ ಹೆಸರನ್ನು ಮಕ್ಕಳಿಗೆ ಇಡುತ್ತೇವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಲಕದ ಒಕ್ಕಣೆ

ಮರಳುವಾಗ ಕತ್ತಲಾಗಿತ್ತು. ಹುಡುಗಿ ನಿದ್ದೆ ಹೋಗಿದ್ದಳು. ಗೃಹಸ್ಥರು ಮುಂದಿನ ಆಸನದಿಂದ ಹಿಂದಿರುಗಿ ನೋಡದೆಯೇ, “ಆ ಅರಭಟ್ಟ ಗುಡಿ ಕಟ್ಟಿಸಿರಲಿಲ್ಲ ಅಂದ್ರಲ್ರಿ?” ಎಂದು ಕೇಳಿದರು. ಶಾಸನದಲ್ಲಿ ಹಾಗೇನೂ ಇಲ್ಲವೆಂದೆವು. “ನಮ್ಮಪ್ಪಾರೂ ಕಟ್ಟಿಸಿರಲಿಲ್ಲ” ಎಂದು ಸುಮ್ಮನಾದರು.

ಆಗ ಬೆಳಗಿನಲ್ಲಿ ಹೊಲದ ವಾಟ್ನಿಯ ಮಾತನಾಡಿದ್ದ ಹಿರಿಯರು ಹೇಳಿದರು: “ನಿಮ್ಮ ಅಪ್ಪಾರ ಹೆಸರಿಗೆ ಏನೂ ಆಗಿಲ್ಲ ತಮ್ಮಾ. ಆ ಬಾವಿಗೆ ನಾವು ಇವತ್ತಿಗೂ ಅವರ ಹೆಸರಲೇ ಕರೀತೇವಿ. ನೀ ಪಟ್ಟಣದಾಗ ಇರತೀ, ನಿನಗ ಗೊತ್ತಿಲ್ಲ. ನೀರಿಗೆ ಹೋಗು ಹೆಣ್ಣುಮಕ್ಕಳನ್ನ ಕೇಳು.”

ಗಾಡಿಯಲ್ಲಿ ಮತ್ತೆ ಯಾರೂ ಮಾತನಾಡಲಿಲ್ಲ. ಆ ಬಾವಿಯಲ್ಲಿ ಹೂಳು ತುಂಬಿ, ಒಂದು ಬದಿಯ ಕಲ್ಲುಕಟ್ಟಡ ಕುಸಿದಿದೆಯೆಂಬುದು ನಮಗೆ ಆಮೇಲೆ ತಿಳಿಯಿತು. ಆ ಬೇಸಗೆಯಲ್ಲಿ ಎರಡೂ ಪಕ್ಷದವರು ಕೂಡಿ ಹೂಳೆತ್ತಿದರು. ಕಲ್ಲುಕಟ್ಟಡದ ಖರ್ಚನ್ನು ಮಗ ಕೊಟ್ಟರು. ಅಲ್ಲಿ ಯಾವ ಫಲಕವನ್ನೂ ಹಾಕಿಸಲಿಲ್ಲ, ಹಾಕಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಗುಡಿಯ ಫಲಕಕ್ಕೆ ನಾವು ಬರೆದುಕೊಟ್ಟ ಒಕ್ಕಣೆ ಚಿಕ್ಕದು. ದೇವರ ಹೆಸರು ಕಲ್ಲೇಶ್ವರ. ಜೀರ್ಣೋದ್ಧಾರದ ವರ್ಷ, ಮಾಸ, ತಿಥಿ. ಊರ ಸಮಸ್ತ ಭಕ್ತರ ಸೇವೆ ಎಂಬ ಒಂದು ಸಾಲು. ಕಲ್ಲುಕೆಲಸದವರ ಮತ್ತು ಗೌಂಡಿಗಳ ಹೆಸರುಗಳು ಒಂದೊಂದಾಗಿ, ಊರಿನ ಹೆಸರಿನೊಡನೆ. ಈ ಕೊನೆಯದನ್ನು ಸೇರಿಸಬೇಕೆಂದು ಕೇಳಿದವಳು ಆ ಹುಡುಗಿ. ಗುಂಡನ ಹೆಸರು ಅವಳಿಗೆ ಮರೆತಿರಲಿಲ್ಲ.

ಅತಿ ಕೆಳಗಿನ ಸಾಲು ಉಳಿದಿತ್ತು. ದೇವರ ಹೆಸರನ್ನು ತುಂಬಲು ನಮಗೆ ಒಂದು ಕ್ಷಣವೂ ಬೇಕಾಗಲಿಲ್ಲ. ‘ರಚನೆ’ ಎಂಬ ಸಾಲನ್ನು ಹೊಡೆದುಹಾಕಲು ಎರಡು ದಿನಗಳು ಬೇಕಾದವು.

ಈ ಸ್ಥಳಗಳಿಗೆ ಹೋಗುವ ಭಕ್ತರು ಚಳಿಗಾಲದಲ್ಲಿ ಹೋಗುವುದು ಲೇಸು. ಬೇಸಗೆಯಲ್ಲಿ ಬಂಡೆಗಳು ಕಾದು ಮಕ್ಕಳ ಕಾಲು ಸುಡುತ್ತವೆ. ಬಾದಾಮಿಗೆ ರೈಲೂ ಬಸ್ಸೂ ಇವೆ. ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ ಎಂದು ಹೊರಟರೆ ಒಂದು ದಿನಕ್ಕೆ ಸಾಕು. ಬುತ್ತಿಯನ್ನು ಮಂಗಗಳಿಂದ ಕಾಪಾಡಿಕೊಳ್ಳಿರಿ. ಗುಹೆಗಳ ಮೂರ್ತಿಗಳನ್ನು ನೋಡಿದ ಮೇಲೆ ಕೆರೆಯ ಆಚೆ ದಂಡೆಗೂ ನಡೆದು, ಅರಭಟ್ಟನ ಬಂಡೆಯನ್ನು ಮಕ್ಕಳಿಗೆ ತೋರಿಸಿರಿ. ನಿಮ್ಮೂರಿನಲ್ಲಿ ಗುಡಿಯ ಫಲಕವನ್ನು ಬರೆಸುವ ಪ್ರಸಂಗವಿದ್ದರೆ, ಬರೆಸುವ ಮೊದಲು ಒಮ್ಮೆ ಈ ಹಾದಿಯಲ್ಲಿ ಹೋಗಿ ಬನ್ನಿರಿ. ಸಾಧ್ಯವಾದರೆ ಜಗಳವಾಡಿದವರೆಲ್ಲರೂ ಒಂದೇ ಗಾಡಿಯಲ್ಲಿ ಹೋಗಿರಿ.